ಇಲಿಜ್ವರದ ಇಂಜೆಕ್ಷನ್‌ನಿಂದ ಹಿಮೋಗ್ಲೋಬಿನ್ ಇಳಿಯುತ್ತದಾ?

ಬ್ರಹ್ಮಾವರದ ಕಡೆಯವರು ಅಂತ ಬರೆದಿದ್ದೀರಿ. ಗದ್ದೆಗೆ ಇಳಿದ ತಂದೆಗೆ ಇಲಿಜ್ವರ ಬಂತು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರು, ಹಿಮೋಗ್ಲೋಬಿನ್ 12ರಿಂದ 7ಕ್ಕೆ ಇಳಿಯಿತು. ಮದ್ದೇ ರಕ್ತಕಣ ಒಡೆಯುತ್ತಿದೆ ಅಂತ ಡಾಕ್ಟರು ಅದನ್ನು ನಿಲ್ಲಿಸಿದರು. ಹೀಗೂ ಆಗುತ್ತದಾ, ಇನ್ನು ಯಾವ ಆಂಟಿಬಯೋಟಿಕ್ಕೂ ಕೊಡುವ ಹಾಗಿಲ್ಲವಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ, ಮಂಗಳೂರಿನಲ್ಲಿ ಬ್ಲಡ್ ಬ್ಯಾಂಕ್ ಟೆಕ್ನೀಷಿಯನ್. ಇಂಥವರ ರಕ್ತದ ಸ್ಯಾಂಪಲ್ ಬರುವುದು ನಮ್ಮ ಟೇಬಲ್ಲಿಗೇ. ಹೌದು, ಆಗುತ್ತದೆ. ತುಂಬಾ ಅಪರೂಪ.

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಕೆಲವರ ದೇಹ ಸೆಫ್ಟ್ರಿಯಾಕ್ಸೋನ್ ವಿರುದ್ಧ ಆಂಟಿಬಾಡಿ ತಯಾರಿಸುತ್ತದೆ. ರಕ್ತದಲ್ಲಿ ಮದ್ದು ಇರುವಾಗ ಆ ಆಂಟಿಬಾಡಿ ರಕ್ತಕಣದ ಮೇಲೆಯೇ ಹೋಗಿ ಕೂರುತ್ತದೆ. ಕಣಗಳು ನಾಳದೊಳಗೇ ಒಡೆಯುತ್ತವೆ, ಮೂತ್ರ ಹಾಲು ಹಾಕದ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಿಂದೆ ಅದೇ ಮದ್ದು ತಗೊಂಡವರಿಗೆ ಕೆಲವೇ ಗಂಟೆಗಳಲ್ಲಿ ಹೀಗಾಗಬಹುದು. ಪೆನಿಸಿಲಿನ್ ದೊಡ್ಡ ಡೋಸಿನಲ್ಲಿ ದಿನಗಟ್ಟಲೆ ಹೋದಾಗಲೂ ಇಂಥದ್ದುಂಟು. ಆದರೆ ಅದು ನಿಧಾನ.

ಇಲಿಜ್ವರದಲ್ಲಿ ಇದನ್ನು ಗುರುತಿಸುವುದೇ ಕಷ್ಟ. ಆ ಕಾಯಿಲೆಯಲ್ಲೂ ಕಣ್ಣು ಹಳದಿಯಾಗುತ್ತದೆ, ಕಣ ಒಡೆದರೂ ಹಳದಿಯೇ. ನಮ್ಮ ಊರಲ್ಲಿ ಹಳದಿ ಕಂಡರೆ ಸಾಕು, ಕಾಮಾಲೆ ಅಂತ ಹಳ್ಳಿಮದ್ದು ಹುಡುಕಿಕೊಂಡು ಹೋಗುವವರೇ ಜಾಸ್ತಿ. ನಾವು ಮಾಡುವುದು ಡೈರೆಕ್ಟ್ ಕೂಂಬ್ಸ್ ಟೆಸ್ಟ್, ಅಂದರೆ ರಕ್ತಕಣದ ಮೇಲೆ ಆಂಟಿಬಾಡಿ ಕೂತಿದೆಯಾ ಅಂತ ನೋಡುವ ಪರೀಕ್ಷೆ. ರೋಗಿಯ ಕಣಗಳನ್ನು ಸಲೈನ್‌ನಲ್ಲಿ ತೊಳೆದು, ರೀಏಜೆಂಟ್ ಹನಿ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಟ್ಯೂಬನ್ನು ಮೆಲ್ಲ ಅಲ್ಲಾಡಿಸುತ್ತೇವೆ. ಕಣಗಳು ಬಿಡಿಬಿಡಿಯಾಗದೆ ಗಂಟು ಕಟ್ಟಿದ್ದರೆ ಪಾಸಿಟಿವ್. ಅಷ್ಟಕ್ಕೇ ಮದ್ದಿನದ್ದೇ ತಪ್ಪು ಅನ್ನುವಂತಿಲ್ಲ. ರೋಗಿಯ ಸೀರಮ್‌ಗೆ (ರಕ್ತದ ತಿಳಿ ದ್ರವಕ್ಕೆ) ಆ ಮದ್ದನ್ನೇ ಬೆರೆಸಿ ನೋಡಬೇಕು, ಆ ವ್ಯವಸ್ಥೆ ಎಲ್ಲ ಲ್ಯಾಬಿನಲ್ಲೂ ಇರುವುದಿಲ್ಲ. ಹಾಗಾಗಿ ಹೆಚ್ಚಾಗಿ ಮದ್ದು ನಿಲ್ಲಿಸಿ, ಹಿಮೋಗ್ಲೋಬಿನ್ ಏರುತ್ತದಾ ಅಂತ ಕಾಯುತ್ತಾರೆ. ನಿಮ್ಮ ಡಾಕ್ಟರು ಮಾಡಿದ್ದು ಸರಿಯಾಗಿಯೇ ಇದೆ.

ಎಲ್ಲ ಆಂಟಿಬಯೋಟಿಕ್ಕನ್ನೂ ಬಿಡಬೇಕಾಗಿಲ್ಲ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಬೇರೆಯೇ ಗುಂಪಿನದ್ದು. ಸೆಫ್ಟ್ರಿಯಾಕ್ಸೋನ್ ಮಾತ್ರ ಇನ್ನು ಬೇಡವೇ ಬೇಡ. ಅದೇ ಸೆಫಲೋಸ್ಪೋರಿನ್ ಗುಂಪಿನ ಉಳಿದ ಮದ್ದುಗಳನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ‘ಆಂಟಿಬಯೋಟಿಕ್ ಅಲರ್ಜಿ’ ಅಂತ ಸುಮ್ನೆ ಹೇಳಿದರೆ ಮುಂದಿನ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಕಂಪೆನಿ ಹೆಸರೂ ಸಾಲದು, ಒಂದೇ ಮದ್ದು ಹತ್ತಾರು ಹೆಸರಲ್ಲಿ ಸಿಗುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮದ್ದಿನ ಮೂಲ ಹೆಸರು, ಕೂಂಬ್ಸ್ ರಿಪೋರ್ಟ್ ಎರಡೂ ಬರೆಸಿಕೊಳ್ಳಿ. ಒಂದು ಫೋಟೋ ತಂದೆಯ ಫೋನಿನಲ್ಲೂ ಇರಲಿ.

ರಕ್ತ ಹೆಚ್ಚಲಿ ಅಂತ ಬೀಟ್‌ರೂಟ್ ಜ್ಯೂಸ್ ಕೊಡುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ. ಕೆಲವರಿಗೆ ಅದರಿಂದಲೇ ಮೂತ್ರ ಕೆಂಪಾಗುತ್ತದೆ. ಕಣ ಮತ್ತೆ ಒಡೆಯುತ್ತಿದೆಯಾ, ಬೀಟ್‌ರೂಟಾ ಅಂತ ನಡುರಾತ್ರಿ ತಲೆ ಕೆಡಿಸಿಕೊಳ್ಳುವುದು ಯಾಕೆ, ಅಲ್ವಾ?