ಹಡಗಿನ ಊಟದಲ್ಲಿ ಹೊಟ್ಟೆ ತುಂಬುತ್ತಾ? ಕೇಳಿದರೆ ತುಂಬುತ್ತದೆ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಅಪ್ಪ-ಅವ್ವನನ್ನು ಸಿಂಗಾಪುರದಿಂದ ಹೊರಡುವ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಿದ್ದೀರಿ, ಅಲ್ಲಿ ಡೈನಿಂಗ್ ರೂಮಿನಲ್ಲಿ ದೊಡ್ಡ ತಟ್ಟೆಯ ನಡುವೆ ಚೂರೇ ಚೂರು ಇಟ್ಟು ಕೊಡುತ್ತಾರಂತೆ, ಇನ್ನೊಂದು ಸಲ ಕೇಳಿದರೆ ರೊಕ್ಕ ಆಗುತ್ತದಾ, ಅದಕ್ಕಿಂತ ಬಫೆಯಲ್ಲೇ ತಿನ್ನುವುದು ಚಲೋನಾ?

ನಾನು ಕಲಬುರಗಿಯವನು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಕೆಲವು ವರ್ಷ ಹಡಗಿನ ಡೈನಿಂಗ್ ರೂಮಿನಲ್ಲೇ ಕೆಲಸ ಮಾಡಿದ್ದೇನೆ, ಮೊದಲು ಅಸಿಸ್ಟೆಂಟ್ ವೇಟರ್, ಆಮೇಲೆ ವೇಟರ್. ಹಾಗಾಗಿ ಬಡಿಸುವವರ ಕಡೆಯಿಂದ ಹೇಳುತ್ತೇನೆ.

ತಟ್ಟೆಯಲ್ಲಿ ಬರುವುದು ಕಡಿಮೆಯೇ, ಅದರಲ್ಲಿ ಸುಳ್ಳಿಲ್ಲ. ಮೊದಲು ಬರುವ ಸ್ಟಾರ್ಟರ್ ಅಂದರೆ ಮೂರು ತುತ್ತು. ಆಮೇಲಿನ ಮುಖ್ಯ ಊಟ, ಮೇನ್ ಅಂದರೆ ಒಂದು ತುಂಡು ಮೀನೋ ಕೋಳಿಯೋ, ಪಕ್ಕದಲ್ಲಿ ನಾಲ್ಕು ಚೂರು ತರಕಾರಿ. ಇಂಡಿಯನ್ ಕರಿ ತೆಗೆದುಕೊಂಡರೆ ಜೊತೆಗೆ ಒಂದು ಸಣ್ಣ ಬಟ್ಟಲು ಅನ್ನ. ಹೊಲದಲ್ಲಿ ದುಡಿದು ಬಂದವರಿಗೆ ಅದು ಬಾಯಿ ರುಚಿಗೂ ಸಾಲದು. ಆದರೆ ಇದು ಜಿಪುಣತನ ಅಲ್ಲ. ಸ್ಟಾರ್ಟರ್, ಮೇನ್, ಸಿಹಿ ಮೂರೂ ತಿಂದು ಏಳಬೇಕು ಅಂತ ಲೆಕ್ಕ ಹಾಕಿ ಅಳತೆ ಇಟ್ಟಿರುತ್ತಾರೆ, ಅದಕ್ಕೂ ಮೊದಲು ಬ್ರೆಡ್ ಬೇರೆ ಬಂದಿರುತ್ತದೆ. ಇನ್ನೊಂದು ಕಾರಣ ಉಳಿದ ಅನ್ನ. ಅದನ್ನು ಎಲ್ಲೆಂದರಲ್ಲಿ ಸಮುದ್ರಕ್ಕೆ ಸುರಿಯುವಂತಿಲ್ಲ. ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ 25 ಮಿಲಿಮೀಟರ್ ಜಾಲರಿಯಲ್ಲಿ ಇಳಿಯುವಷ್ಟು ಸಣ್ಣಗೆ ಅರೆದು, ದಡದಿಂದ 3 ನಾಟಿಕಲ್ ಮೈಲಿ ದಾಟಿದ ಮೇಲೇ ಬಿಡಬೇಕು. ಅರೆಯದಿದ್ದರೆ 12 ಮೈಲಿ. ಕೆಲವು ಸಮುದ್ರಗಳಲ್ಲಿ ಇನ್ನೂ ಬಿಗಿ. ಹೀಗಾಗಿ ತಟ್ಟೆಗೆ ಜಾಸ್ತಿ ಹಾಕಿ ಉಳಿಸುವುದಕ್ಕಿಂತ, ಕಡಿಮೆ ಹಾಕಿ ಕೇಳಿದವರಿಗೆ ಮತ್ತೆ ಕೊಡುವುದೇ ಅಡುಗೆಮನೆಗೆ ಸಲೀಸು.

ಕೇಳಿದವರಿಗೆ. ನಮ್ಮವರು ಎಡವುವುದು ಇಲ್ಲೇ ನೋಡಿ. ನಮ್ಮ ಕಡೆ ಖಾನಾವಳಿಯಲ್ಲಿ ಕೂತರೆ ಬೇಡ ಬೇಡ ಅಂದರೂ ತಾಟಿಗೆ ಬಿಸಿ ರೊಟ್ಟಿ ಬಂದು ಬೀಳುತ್ತದೆ, ಕೇಳುವ ಪ್ರಶ್ನೆಯೇ ಇಲ್ಲ. ಹಡಗಿನಲ್ಲಿ ಯಾರೂ ಒತ್ತಾಯ ಮಾಡುವುದಿಲ್ಲ. ತಟ್ಟೆ ಖಾಲಿ ಮಾಡಿ ಸುಮ್ಮನೆ ಕೂತರೆ ಊಟ ಮುಗಿಯಿತು ಅಂತ ವೇಟರ್ ತಿಳಿದು ಎತ್ತಿಕೊಂಡು ಹೋಗುತ್ತಾನೆ. ಅವನ ತಪ್ಪಲ್ಲ, ಅವನಿಗೂ ಅವನ ಸಹಾಯಕನಿಗೂ ಸೇರಿ ಇಪ್ಪತ್ತು ಚಿಲ್ಲರೆ ಜನ ಇರುತ್ತಾರೆ, ಎಲ್ಲರ ಮೇನ್ ಒಟ್ಟಿಗೇ ಬರಬೇಕು.

ಒಮ್ಮೆ ನನ್ನ ಟೇಬಲ್‌ಗೆ ಬೀದರ್ ಕಡೆಯ ಒಂದು ಕುಟುಂಬ ಬಂದಿತ್ತು. ಹಿರಿಯರು ಮೊದಲ ರಾತ್ರಿ ಇದ್ದದ್ದಷ್ಟು ತಿಂದು ಎದ್ದರು, ಆಮೇಲೆ ಮೇಲಿನ ಬಫೆಗೆ ಹೋಗಿ ಮತ್ತೆ ಊಟ ಮಾಡಿದ್ದಾರೆ ಅಂತ ಮರುದಿನ ಅವರ ಮಗ ನಗುತ್ತಾ ಹೇಳಿದ. ಅವತ್ತು ನಾನೇ ಹೋಗಿ, "ಕಾಕಾ, ಇನ್ನ ತರ್ಲೇನ್ರಿ?" ಅಂದೆ. ಹಡಗಿನಲ್ಲಿ ನಮ್ಮ ಮಾತು ಕೇಳಿ ಒಂದು ಕ್ಷಣ ನನ್ನ ಮುಖ ನೋಡಿದರು. "ರೊಕ್ಕ ಎಷ್ಟ್ ಆಗ್ತದಪ್ಪ?" ಅಂತ ಮೆಲ್ಲಗೆ ಕೇಳಿದರು. "ಏನೂ ಇಲ್ರಿ, ಟಿಕೆಟ್‌ನ್ಯಾಗೇ ಅದ." ಆಮೇಲೆ ಕೊನೆಯ ರಾತ್ರಿ ತನಕ ಆ ಟೇಬಲ್‌ಗೆ ಅನ್ನ ಸಾಲದೇ ಹೋದ ದಿನ ಇಲ್ಲ.

ರೊಕ್ಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಟಾರ್ಟರ್ ಎರಡು, ಸೂಪ್ ಒಂದು, ಸಿಹಿ ಎರಡು ಅಂತ ಕೇಳಿದರೆ ಸಾಮಾನ್ಯವಾಗಿ ಯಾರೂ ಬಿಲ್ ಹಾಕುವುದಿಲ್ಲ. ಎರಡನೇ ಮೇನ್‌ಗೂ ಬಹಳಷ್ಟು ಕಡೆ ಇಲ್ಲ. ಮೂರನೆಯದಕ್ಕೆ ಕಾರ್ನಿವಲ್ ಅನ್ನುವ ಕ್ರೂಸ್ ಕಂಪನಿ 2022ರಲ್ಲಿ 5 ಡಾಲರ್ ಹಾಕಲು ಶುರು ಮಾಡಿತು. ಲಾಬ್‌ಸ್ಟರ್ ಕೊಡುವ ರಾತ್ರಿ, ಜಾಸ್ತಿ ಕೇಳಿದವರಿಗೆ ಕೆಲವು ಕಂಪನಿಗಳು ಬಿಲ್ ಮಾಡುತ್ತವೆ. ಮೆನುವಿನಲ್ಲಿ ಹೆಸರಿನ ಪಕ್ಕ ಬೆಲೆ ಅಚ್ಚಾಗಿದ್ದರೆ ಅದೂ ಬೇರೆ ರೊಕ್ಕದ್ದು. ಕೂಲ್‌ಡ್ರಿಂಕ್ಸ್, ಮದ್ಯ ಬೇರೆ. ಅಮೆರಿಕದ ಕಂಪನಿಗಳು ಟಿಪ್ಸ್ ಅಂತ ದಿನಕ್ಕೆ ತಲೆಗೆ ಹೆಚ್ಚುಕಡಿಮೆ 16ರಿಂದ 20 ಡಾಲರ್ ತಾವೇ ಬಿಲ್‌ಗೆ ಸೇರಿಸುತ್ತವೆ, ನಾಲ್ಕು ಜನ ಅಂದರೆ ಅದೇ ದೊಡ್ಡ ಮೊತ್ತ. ಅನ್ನ ಎರಡನೇ ಸಲ ಕೇಳಲು ಸಂಕೋಚ ಪಡುವವರು ಆ ರೊಕ್ಕ ಆಗಲೇ ಕೊಟ್ಟಿರುತ್ತೀರಿ, ನೆನಪಿರಲಿ!

ಮೊದಲ ರಾತ್ರಿಯೇ ವೇಟರ್‌ಗೆ ಎರಡು ಮಾತು ಹೇಳಿಬಿಡಿ. ನಾವು ಹಂಚಿಕೊಂಡು ತಿನ್ನುತ್ತೇವೆ, ಎಲ್ಲಾ ಒಟ್ಟಿಗೆ ತಂದು ನಡುವೆ ಇಡು ಅಂತ ಒಂದು. ಖಾರ ಬೇಕು, ಹಸಿಮೆಣಸಿನಕಾಯಿ ಹೆಚ್ಚಿ ಒಂದು ಬಟ್ಟಲು ದಿನಾ ತಾ ಅಂತ ಇನ್ನೊಂದು. ಅವರು ಸ್ಪೈಸಿ ಅನ್ನುವುದು ನಮ್ಮ ಮನೆಯ ಕೂಸಿಗೂ ಖಾರ ಆಗುವುದಿಲ್ಲ. ಗೊತ್ತುಪಡಿಸಿದ ಸಮಯದ ಊಟ ತೆಗೆದುಕೊಂಡರೆ ದಿನಾ ಅದೇ ಟೇಬಲ್, ಅದೇ ವೇಟರ್, ಹಾಗಾಗಿ ಎರಡನೇ ದಿನದಿಂದ ಕೇಳದೆಯೇ ಬರುತ್ತದೆ. ಹಿರಿಯರಿದ್ದರೆ ನಾನು ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಒಂದು ತೊಡಕು ಇದೆ. ಮೊದಲ ಪಂಕ್ತಿ ಸಂಜೆ ಐದೂವರೆ-ಆರಕ್ಕೆ, ನಮಗೆ ಅದು ಚಹಾ-ಮಿರ್ಚಿಭಜಿಯ ಹೊತ್ತು. ಎರಡನೆಯದು ಎಂಟರ ಸುಮಾರಿಗೆ, ಅದು ಸರಿಹೋಗುತ್ತದೆ. ಊಟ ಒಂದೂವರೆ ತಾಸು ಎಳೆಯುತ್ತದೆ, ಅಪ್ಪ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರಾದರೆ ಕೂತ ತಕ್ಷಣ ಬ್ರೆಡ್ ತರಿಸಿ.

ಸಸ್ಯಾಹಾರ ಆದರೆ ಬುಕ್ ಮಾಡುವಾಗಲೇ ಬರೆಸಿ, ಹತ್ತಿದ ಮೇಲೆ ಹೆಡ್ ವೇಟರ್‌ಗೆ ಇನ್ನೊಮ್ಮೆ ಹೇಳಿ. ರಾಯಲ್ ಕೆರಿಬಿಯನ್ ಹಡಗುಗಳ ಡೈನಿಂಗ್ ರೂಮಿನಲ್ಲಿ ರಾತ್ರಿ ಒಂದು ಇಂಡಿಯನ್ ಸಸ್ಯಾಹಾರಿ ಪದಾರ್ಥ ಇರುತ್ತದೆ. ಸಿಂಗಾಪುರದಿಂದ ಹೊರಡುವ ಜೆಂಟಿಂಗ್ ಡ್ರೀಮ್ ಹಡಗಿನಲ್ಲಿ ಸಸ್ಯಾಹಾರಿ, ಜೈನ ಊಟದ ಏರ್ಪಾಡಿದೆ, ಹಲಾಲ್ ಬೇಕಾದವರಿಗೂ ಇದೆ. ನಾಳೆಗೆ ದಾಲ್, ಚಪಾತಿ ಬೇಕು ಅಂತ ಹಿಂದಿನ ರಾತ್ರಿಯೇ ಹೇಳಿದರೆ ಇಂಡಿಯನ್ ಅಡುಗೆಯವರು ಮಾಡಿಕೊಡುವುದುಂಟು, ಹೇಳದೆ ಹೋಗಿ ಆಗಲೇ ಬೇಕು ಅಂದರೆ ಕಷ್ಟ. ಮೊಸರು ಬೆಳಿಗ್ಗೆ ಬಫೆಯಲ್ಲಿ ಸಿಗುತ್ತದೆ.

ಬಫೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ ಅದೇ ಸರಿ, ಎಷ್ಟು ಬೇಕೋ ಅಷ್ಟು. ಆದರೆ ರಾತ್ರಿ ಅವ್ವ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದಕ್ಕಿಂತ, ರೇಷ್ಮೆ ಸೀರೆ ಉಟ್ಟು ಕೂತು ಬಡಿಸಿಕೊಂಡು ತಿನ್ನಲಿ. ಫಾರ್ಮಲ್ ನೈಟ್, ಅಂದರೆ ಚಂದದ ಬಟ್ಟೆ ಹಾಕಿಕೊಂಡು ಬರಬೇಕಾದ ರಾತ್ರಿ ಅಂತ ಹೆದರಬೇಡಿ, ಸೀರೆ, ಕುರ್ತಾ-ಪೈಜಾಮ ಧಾರಾಳವಾಗಿ ನಡೆಯುತ್ತದೆ. ಚಡ್ಡಿ, ಬನಿಯನ್ ಮಾತ್ರ ಬಿಡುವುದಿಲ್ಲ. ಕೈಯಲ್ಲಿ ಕಲಸಿ ಉಂಡರೂ ಯಾರೂ ಏನೂ ಅನ್ನುವುದಿಲ್ಲ, ನಾವು ಬಡಿಸುವವರಲ್ಲೇ ಅರ್ಧ ಜನ ಹಾಗೇ ಉಣ್ಣುವವರು.

ಮನೆಯಲ್ಲಿ ಮಾಡಿದ ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗುವ ಯೋಚನೆ ಇದ್ದರೆ, ಮನೆ ಅಡುಗೆಯನ್ನು ಹಡಗಿನವರು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಶೇಂಗಾ ಚಟ್ನಿ ಪುಡಿಯನ್ನು ಅಂಗಡಿಯದೇ, ಸೀಲ್ ಒಡೆಯದ ಪ್ಯಾಕೆಟ್ ತೆಗೆದುಕೊಳ್ಳಿ, ಮತ್ತೆ ಅದನ್ನು ಟೇಬಲ್‌ಗೂ ತನ್ನಿ. ವೇಟರ್ ನಮ್ಮ ದೇಶದವನಾಗಿದ್ದರೆ ಅವನೂ ಒಂದು ಚಮಚ ಕೇಳಬಹುದು.