ಗಡಿಕಲ್ಲು: ನಿಮ್ಮ ಪ್ರಶ್ನೆಗೆ ನಿವೃತ್ತ ಸರ್ವೆಯರ್ ಉತ್ತರ

ಪ್ರಶ್ನೆ: ನಾನು ಪರವಾನಗಿ ಪಡೆದ ಭೂಮಾಪಕ. ಹೈದರಾಬಾದಿನಲ್ಲಿ ನಡೆಯುವ ಸರ್ವೆ ಸಮ್ಮೇಳನಕ್ಕೆ ಹೋಗುವ ಆಸೆ. ಅಪ್ಪ "ಕಾಫಿ ಕುಯ್ಲು ಬಿಟ್ಟು ಭಾಷಣ ಕೇಳೋಕೆ ಹೋಗ್ತೀಯಾ?" ಅಂತಾರೆ. ಹೋದರೆ ಪ್ರಯೋಜನ ಇದೆಯಾ ಸಾರ್?
– ಓದುಗ, ಸೋಮವಾರಪೇಟೆ

ಉತ್ತರ: ಬರೀ ಭಾಷಣ ಕೇಳುವುದಾದರೆ ಅಪ್ಪ ಹೇಳಿದ್ದೇ ಸರಿ. ದೀಪ ಹಚ್ಚಿ, ಶಾಲು ಹೊದಿಸಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಆದರೂ ಹೋಗಿ ಬನ್ನಿ. ನಿಮ್ಮ ಕೆಲಸ ಇರುವುದು ಸಭಾಂಗಣದ ಹೊರಗೆ, ಉಪಕರಣದ ಮಳಿಗೆಗಳಲ್ಲಿ.

ರೋವರ್, ಅಂದರೆ ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಗುರುತಿಸುವ ಉಪಕರಣ, ಮಾರುವವರು ಅದನ್ನು ಬಯಲಲ್ಲಿ ನಿಲ್ಲಿಸಿ ಎರಡು ಮೂರು ಸೆಂಟಿಮೀಟರಿನ ನಿಖರತೆ ತೋರಿಸುತ್ತಾರೆ. ಬಯಲುಸೀಮೆಗೆ ಅಷ್ಟು ಸಾಕು. ನಮ್ಮ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿಮರದ ನೆರಳು. ಮೇಲೆ ಮೆಣಸಿನ ಬಳ್ಳಿ ಬೇರೆ. ಉಪಗ್ರಹದ ಸಿಗ್ನಲ್ ಎಲೆ, ಕಾಂಡಕ್ಕೆ ಬಡಿದು ಸುತ್ತಿಕೊಂಡು ಬರುತ್ತದೆ. ಫಿಕ್ಸ್, ಅಂದರೆ ಖಚಿತ ಸ್ಥಾನ, ಸಿಗುವುದಿಲ್ಲ. ಕೆಲವೊಮ್ಮೆ ಸುಳ್ಳು ಫಿಕ್ಸ್ ಸಿಗುತ್ತದೆ, ಅದು ಇನ್ನೂ ಅಪಾಯ. ಸದಾ ಉಪಗ್ರಹದ ಸಿಗ್ನಲ್ ಹಿಡಿಯುತ್ತಿರುವ ಸ್ಥಿರ ಕೇಂದ್ರ ಕಾರ್ಸ್‌ನಿಂದ ರೋವರಿಗೆ ತಿದ್ದುಪಡಿ ಬರಬೇಕಾದರೆ ಮೊಬೈಲ್ ಡೇಟಾ ಬೇಕು. ನಮ್ಮ ಎಷ್ಟೋ ಕಣಿವೆಗಳಲ್ಲಿ ಫೋನ್ ಮಾತೇ ಕೇಳಿಸುವುದಿಲ್ಲ.

ಹಾಗಾಗಿ ಮಳಿಗೆಯವರಿಗೆ ಹೇಳಿ: "ಹೊರಗೆ ಆ ದೊಡ್ಡ ಮರದಡಿ ಇಟ್ಟು ತೋರಿಸಿ." ಅವರ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನಾನು ಮಾಡುತ್ತಿದ್ದದ್ದು ಇಷ್ಟು. ಗದ್ದೆ ಬಯಲಲ್ಲೋ ರಸ್ತೆಯಲ್ಲೋ ಒಂದಕ್ಕೊಂದು ಕಾಣುವ ಎರಡು ಬಿಂದುಗಳನ್ನು ರೋವರಿನಲ್ಲಿ ಹಿಡಿದು, ಅಲ್ಲಿಂದ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಇಟ್ಟು ತೋಟದೊಳಗೆ ಹೋಗುವುದು. ವಯನಾಡು, ನೀಲಗಿರಿ ಕಡೆಯಿಂದ ಬಂದವರಿಗೂ ಇದೇ ಗೋಳು ಇರುತ್ತದೆ. ಟೀ ಕುಡಿಯುವಾಗ ಅವರನ್ನು ಹುಡುಕಿ ಮಾತಾಡಿಸಿ, ಬೇರೆ ದಾರಿ ಹೇಳಿದರೆ ಬರೆದುಕೊಳ್ಳಿ.

ಹಾಗೇ ಉಪ್ಪಲ್‌ನಲ್ಲಿರುವ ಸರ್ವೆ ಆಫ್ ಇಂಡಿಯಾದ ತರಬೇತಿ ಸಂಸ್ಥೆಗೂ ಹೋಗಿ ಕೋರ್ಸ್ ವಿಚಾರಿಸಿ. 1878ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಭೂಮಾಪಕರ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಜಿಯಲ್ಲಿ ಯುವ ಸರ್ವೆಯರ್‌ಗಳದ್ದೇ ಒಂದು ಬಳಗವಿದೆ. ಸಮುದಾಯಗಳಿಗೆ ಸ್ವಯಂಸೇವಕ ಸರ್ವೆಯರ್‌ಗಳನ್ನು ಕಳಿಸುವ ಕಾರ್ಯಕ್ರಮವನ್ನೂ ಅವರು ನಡೆಸಿದ್ದಾರೆ. ಆದರೆ ಸ್ವಯಂಸೇವೆಗೆ ಅಷ್ಟು ದೂರ ಹೋಗಬೇಕಿಲ್ಲ. ಮುಂದಿನ ಪ್ರಶ್ನೆ ಓದಿ.

ಪ್ರಶ್ನೆ: ನಮ್ಮೂರ ದೇವರಕಾಡು ಅಂಚಿನಲ್ಲಿ ವರ್ಷವರ್ಷ ಕರಗುತ್ತಿದೆ. ಪರಿಚಯದ ಸರ್ವೆಯರ್‌ಗಳು ಭಾನುವಾರ ಬಂದು ಉಚಿತವಾಗಿ ಅಳೆದು ಕೊಡುತ್ತೇವೆ ಅಂದಿದ್ದಾರೆ. ಅಳೆಸಬಹುದಾ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಧಾರಾಳವಾಗಿ ಅಳೆಸಿ. ಗಡಿಕಲ್ಲು ಮಾತ್ರ ನೆಡಿಸಬೇಡಿ.

ಭಾನುವಾರದ ಅಳತೆಗೆ ಕಾನೂನಿನ ಬೆಲೆ ಇಲ್ಲ. ಹದ್ದುಬಸ್ತು, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತು, ಆಗಬೇಕಾದರೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಬೇಕು. ಸ್ವಯಂಸೇವಕರು ಕಲ್ಲು ನೆಟ್ಟರೆ ಪಕ್ಕದ ತೋಟದವರು ಮಾರನೆಯ ದಿನ ಕಿತ್ತು ಹಾಕುತ್ತಾರೆ. ಆಮೇಲೆ ಮದುವೆ ಮನೆಯಲ್ಲೂ ಮಾತಿಲ್ಲ!

ಹಾಗಾದರೆ ಅವರು ಬಂದು ಏನು ಮಾಡಬೇಕು? ಹಳೆಯ ಗ್ರಾಮ ನಕ್ಷೆ, ಟಿಪ್ಪಣಿಯ (ಹಿಂದಿನ ಸರ್ವೆಯ ಅಳತೆ ಬರೆದ ದಾಖಲೆ) ಪ್ರತಿ ತೆಗೆಸಲಿ. ಉಳಿದಿರುವ ಹಳೆಯ ಕಲ್ಲುಗಳನ್ನು ಹುಡುಕಿ, ಪ್ರತಿಯೊಂದರ ಫೋಟೊ, ಅಕ್ಷಾಂಶ, ರೇಖಾಂಶ ಬರೆದಿಡಲಿ. ಇದು ಸಣ್ಣ ಕೆಲಸ ಅಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಕಲ್ಲು, ಬೇಲಿ, ಗುರುತಿನ ಮರ ಎಲ್ಲವೂ ಮಣ್ಣಿನ ಜೊತೆ ಹೋದವು. ಆ ಮಳೆಗೆ ಮೊದಲೇ ಯಾರಾದರೂ ಹೀಗೆ ಬರೆದಿಟ್ಟಿದ್ದರೆ ಎಷ್ಟೋ ಮನೆಯವರ ಅಲೆದಾಟ ತಪ್ಪುತ್ತಿತ್ತು. ಈ ದಾಖಲೆಯನ್ನು ನಿಮ್ಮ ಅರ್ಜಿಗೆ ಲಗತ್ತಿಸಿ ತಹಶೀಲ್ದಾರ್‌ಗೆ ಕೊಡಿ, ಅರಣ್ಯ ಇಲಾಖೆಗೆ ಒಂದು ಪ್ರತಿ ಕೊಡಿ. ಕೊಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.

ಇನ್ನೊಂದು ವಿಷಯ. ಪಕ್ಕದ ತೋಟದವರಿಗೆ ನೆಂಟರಾದ ಸರ್ವೆಯರ್ ಇದ್ದರೆ ಅವರ ಕೈಗೆ ಉಪಕರಣ ಕೊಡಬೇಡಿ. ಆದರೆ ಆ ತೋಟದ ಯಜಮಾನರನ್ನು ತಪ್ಪದೆ ಕರೆಯಿರಿ, ಕದ್ದು ಅಳೆದ ಹಾಗಾಗಬಾರದು ಅಲ್ವಾ?

ಪ್ರಶ್ನೆ: ಸರ್ವೆಯರ್ ಒಬ್ಬರು ನಮ್ಮ ಶಾಲೆಗೆ ಬಂದು ಮಾತಾಡುತ್ತೇನೆ ಅಂದಿದ್ದಾರೆ. ಮಕ್ಕಳಿಗೆ ಬೋರ್ ಆಗಲ್ವಾ?
– ಶಿಕ್ಷಕಿ, ಕುಶಾಲನಗರ

ಉತ್ತರ: ಸುಮ್ನೆ ಮಾತಾಡಿದರೆ ಖಂಡಿತ ಆಗುತ್ತದೆ. ಹಗ್ಗ ತರಲು ಹೇಳಿ. ಆಟದ ಮೈದಾನದಲ್ಲಿ 33 ಅಡಿ ಉದ್ದ, 33 ಅಡಿ ಅಗಲದ ಚೌಕಕ್ಕೆ ಮಕ್ಕಳೇ ಗೂಟ ಹೊಡೆಯಲಿ. ಅದು ಒಂದು ಗುಂಟೆ, 1,089 ಚದರ ಅಡಿ. ಸೆಂಟ್ ಲೆಕ್ಕ ಹೇಳುವ ಮನೆಯ ಮಕ್ಕಳೂ ಇರುತ್ತಾರೆ, ಅವರಿಗೆ ಎರಡೂವರೆ ಸೆಂಟ್. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದಾಗ ಸುಮಾರು 46 ಅಡಿ 8 ಇಂಚು ಬರಬೇಕು. ಬರದಿದ್ದರೆ ಚೌಕ ಸೊಟ್ಟ. ತಪ್ಪು ಎಲ್ಲಾಯಿತು ಅಂತ ಹುಡುಕುವುದೇ ಮಕ್ಕಳಿಗೆ ಜಾಸ್ತಿ ಖುಷಿ.

ಏಪ್ರಿಲ್ 10 ರಾಷ್ಟ್ರೀಯ ಸರ್ವೆ ದಿನ. 1802ರಲ್ಲಿ ಮದ್ರಾಸಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್, ಭಾರತವನ್ನು ತ್ರಿಕೋನಗಳಾಗಿ ಅಳೆದ ಮಹಾ ತ್ರಿಕೋನಮಿತಿ ಸರ್ವೆಯ ಮೊದಲ ಅಳತೆ ಶುರು ಮಾಡಿದ ದಿನ ಅದು. ಆದರೆ ಅಷ್ಟು ಹೊತ್ತಿಗೆ ಪರೀಕ್ಷೆ ಮುಗಿದು ಮಕ್ಕಳು ಅಜ್ಜಿಮನೆಯ ಗುಂಗಿನಲ್ಲಿರುತ್ತಾರೆ. ದಸರಾ ರಜೆ ಕಳೆದ ಮೇಲೆ ಇಟ್ಟುಕೊಳ್ಳಿ. ಜುಲೈನಲ್ಲಿ ಮಾತ್ರ ಬೇಡ, ನಮ್ಮೂರ ಮಳೆಗೆ ಒಂದು ಕೈ ಕೊಡೆಗೇ ಬೇಕು.