ವಾಪಸ್ ಬಂದ ಕಂಬಳಿ, ವಾಪಸ್ ಕಳಿಸಿದ ಗೆಣಸು

ಕೊಡಗಿನ ಅಮ್ಮತ್ತಿ ಕಡೆಯಿಂದ ಈ ಅಂಕಣಕ್ಕೆ ಬಂದ ಕಾಗದವನ್ನು ಮೂರು ಸಲ ಓದಿದೆ. ಮೂರನೇ ಸಲ ಓದುವಾಗ ಸಿಟ್ಟು ಬಂತು. ಬರೆದವರ ಮೇಲೆ ಅರ್ಧ, ಅವರ ಮೈದುನನ ಮೇಲೆ ಪೂರ್ತಿ.

ಅವರದು ಸಣ್ಣ ಕಾಫಿ ತೋಟ, ಕೆಲಸದವರಿಗೆ ಐದು ಲೈನ್ ಮನೆ. ಮದುವೆಯಾಗಿ ಬಂದಾಗಿನಿಂದ ಪ್ರತಿ ಕ್ರಿಸ್ಮಸ್‌ಗೂ ಲೈನ್‌ನವರಿಗೆ ಕಂಬಳಿ, ಕೇಕು, ಒಂದೊಂದು ಡಬ್ಬ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಕೊಡುತ್ತಾರೆ. ‘ಅವರ ಮುಖದಲ್ಲಿ ನಗು ನೋಡಿದರೇ ನನಗೆ ಹಬ್ಬ’ ಎಂದು ಬರೆದಿದ್ದಾರೆ. ನಂಬುತ್ತೇನೆ. ಹೋದ ಭಾನುವಾರ ಕಾಫಿ ಕುಯ್ಲಿಗೆ ರಜೆ ಇತ್ತು, ಎಲ್ಲರಿಗೂ ಕೊಟ್ಟಾಯಿತು. ಬುಧವಾರ ಬೆಳಿಗ್ಗೆ ನೋಡಿದರೆ ಒಂದು ಕಂಬಳಿ ಮಡಿಸಿದ ಹಾಗೇ ಜಗಲಿಯ ಮೇಲೆ ಕೂತಿದೆ. 14 ವರ್ಷದಿಂದ ತೋಟದಲ್ಲಿರುವ ಹೆಂಗಸು ಮಗನ ಕೈಲಿ ವಾಪಸ್ ಕಳಿಸಿದ್ದಾರೆ. ಮಾತಿಲ್ಲ, ಕಾರಣ ಇಲ್ಲ. ‘ಕೊಡುವ ಖುಷಿಯೇ ಹೊರಟುಹೋಯಿತು. ಮುಂದಿನ ವರ್ಷದಿಂದ ನಿಲ್ಲಿಸಿಬಿಡಲಾ?’ ಇದು ಪ್ರಶ್ನೆ.

ಮೊದಲು ಮೈದುನನ ವಿಷಯ. ಬೆಂಗಳೂರಿನಿಂದ ಬಂದಿದ್ದ ಆತ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಕಂಬಳಿ ಎತ್ತಿ ಹಿಡಿಸಿ, ‘ಹ್ಯಾಪಿ ಕ್ರಿಸ್ಮಸ್’ ಅನ್ನಿಸಿ ವಿಡಿಯೋ ಮಾಡಿದನಂತೆ. ಸಂಜೆಗೆ ಅದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು, ಅಲ್ಲಿಂದ ಊರಿಗೆಲ್ಲ. ಆ ಹೆಂಗಸಿನ ಮಗ ಕಾಲೇಜು ಓದುತ್ತಾನೆ. ಅವನ ಕೈಲೂ ಫೋನ್ ಇದೆ, ಅಲ್ವಾ? ಫೋಟೋ ಹೊಡೆದುಕೊಂಡು ಕೊಟ್ಟದ್ದು ದಾನವಲ್ಲ, ಜಾಹೀರಾತು. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ. ಸಾಂತಾ ಕ್ಲಾಸ್ ಎಂದು ನಾವು ಟೋಪಿ ಹಾಕಿ ಕುಣಿಸುವವರ ಮೂಲ ಯಾರು? 4ನೇ ಶತಮಾನದಲ್ಲಿ ಮೈರಾ ಎಂಬ ಊರಿನ ಬಿಷಪ್ ಆಗಿದ್ದ ಸಂತ ನಿಕೋಲಾಸ್. ಮೂರು ಹೆಣ್ಣುಮಕ್ಕಳ ಮದುವೆಗೆ ಗತಿಯಿಲ್ಲದ ಮನೆಗೆ ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದರು ಎಂಬುದು ಅವರ ಕಥೆ. ಮುಖ ತೋರಿಸಬಾರದು ಅಂತಲೇ ರಾತ್ರಿ ಹೋದದ್ದು. ನಿಮ್ಮ ಮೈದುನ ಜೊತೆಗಿದ್ದಿದ್ದರೆ ಆ ಮೂರೂ ಹುಡುಗಿಯರನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಕೈ ಬೀಸಿಸುತ್ತಿದ್ದ.

ಇಷ್ಟೇ ಆಗಿದ್ದರೆ ವಿಡಿಯೋ ಅಳಿಸಿ, ಕ್ಷಮೆ ಕೇಳಿ ಎಂದು ಎರಡು ಸಾಲು ಬರೆದು ಮುಗಿಸುತ್ತಿದ್ದೆ. (ಅಳಿಸಿ. ಇವತ್ತೇ.) ಆದರೆ ನಿಮ್ಮ ಕಾಗದದ ಎರಡನೇ ಪುಟದಲ್ಲಿ, ಚರ್ಚಿನ ಹಾಡಿನ ಅಭ್ಯಾಸ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಹುಲ್ಲು ಎಂದೆಲ್ಲ ಹೇಳುವ ನಡುವೆ ಒಂದು ಮಾತು ಸುಮ್ನೆ ಬಂದು ಹೋಗಿದೆ. ‘ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಅವಳು ಒಂದು ಚೀಲ ಗೆಣಸು ತಂದಿದ್ದಳು. ಅಯ್ಯೋ ಇದೆಲ್ಲ ಯಾಕೆ, ಮಕ್ಕಳಿಗೆ ಬೇಯಿಸಿ ಕೊಡು ಎಂದು ವಾಪಸ್ ಕಳಿಸಿದೆ.’

ಮುಂದಿನ ಸಾಲಿನಲ್ಲೇ ಕೇಕಿಗೆ ಎಷ್ಟು ರಮ್ ಹಾಕಿದಿರಿ ಎಂಬ ಲೆಕ್ಕ ಶುರುವಾಗಿದೆ.

ತಂಗಿ, ಆ ಗೆಣಸಿನ ಚೀಲದ ಹತ್ತಿರ ಸ್ವಲ್ಪ ನಿಲ್ಲಿ. ಕೊಡಗಿನಲ್ಲಿ ಹುಟ್ಟಿದವರು ನೀವು. ಪುತ್ತರಿಗೆ ತಂಬುಟ್ಟಿನಷ್ಟೇ ಗೆಣಸೂ ಬೇಕು ಅನ್ನುವುದು ನಿಮಗೆ ಗೊತ್ತು. ನಿಮ್ಮ ಕಡೆ ಆನೆ ಯಾವಾಗ ತೋಟಕ್ಕೆ ನುಗ್ಗುತ್ತದೆ ಎಂದು ಹೇಳುವ ಹಾಗಿಲ್ಲ ಅನ್ನುವುದೂ ಗೊತ್ತು. ಇಡೀ ದಿನ ಹಣ್ಣು ಕುಯ್ದು, ಮೂಟೆ ತೂಕ ಹಾಕಿಸಿ, ಅದಾದ ಮೇಲೆ ಆಕೆ ನೆಲ ಅಗೆದು ಗೆಣಸು ತೆಗೆದು, ಮಣ್ಣು ಕೊಡವಿ ನಿಮ್ಮ ಬಾಗಿಲಿಗೆ ಹೊತ್ತು ತಂದಿದ್ದಾರೆ. ನೀವು ‘ಇದೆಲ್ಲ ಯಾಕೆ’ ಅಂದಿರಿ. ಪ್ರೀತಿಯಿಂದಲೇ ಅಂದಿರಿ, ಅನುಮಾನವಿಲ್ಲ. ಆಕೆಗೆ ಕೇಳಿಸಿದ್ದು ಏನು? ಕೊಡುವ ಮನೆ ಇದು, ತೆಗೆದುಕೊಳ್ಳುವ ಮನೆ ಅದು.

ಎರಡು ವಾರದ ಮೇಲೆ ಕಂಬಳಿ ವಾಪಸ್ ಬಂತು. ನೀವು ಮಾಡಿದ್ದನ್ನೇ ಆಕೆಯೂ ಮಾಡಿದ್ದು. ನಿಮಗೆ ಆದಷ್ಟೇ ನೋವು ಅವತ್ತು ಆಕೆಗೂ ಆಗಿರಬಹುದು. ಆದರೆ ಆಕೆ ಯಾವ ಅಂಕಣಕ್ಕೂ ಕಾಗದ ಬರೆಯಲಿಲ್ಲ.

ನಾನು ಚಿಕ್ಕವಳಿದ್ದಾಗ ಮಡಿಕೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕೊಂಕಣಿ ಬಾಯಮ್ಮ ಒಬ್ಬರಿದ್ದರು. ಕ್ರಿಸ್ಮಸ್ ದಿನ ಹೂವಿನ ಕರವಸ್ತ್ರ ಮುಚ್ಚಿದ ತಟ್ಟೆ ಬೇಲಿ ದಾಟಿ ಬರುತ್ತಿತ್ತು. ಕಿಡಿಯೊ, ನೆವ್ರಿ, ಗುಳಿಯೊ. ಗುಳಿಯೊ ಎಷ್ಟು ಗಟ್ಟಿ ಅಂದರೆ ಅಜ್ಜ ಅದನ್ನು ಕಾಫಿಯಲ್ಲಿ ಅದ್ದಿ ಕಾಯುತ್ತಿದ್ದರು. ಅಮ್ಮ ಆ ತಟ್ಟೆ ತೊಳೆದು ಖಾಲಿ ಕೊಟ್ಟದ್ದನ್ನು ನಾನು ನೋಡಿಲ್ಲ. ಮನೆಯಲ್ಲಿ ಏನೂ ಇಲ್ಲದ ವರ್ಷ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಿದರು. ಬಾಯಮ್ಮ ಆ ಸಕ್ಕರೆಯನ್ನು ‘ಇದೆಲ್ಲ ಯಾಕೆ’ ಎಂದು ವಾಪಸ್ ಕಳಿಸಿದ್ದರೆ ಮುಂದಿನ ವರ್ಷ ನಮ್ಮಮ್ಮ ಬೇಲಿಯ ಹತ್ತಿರವೇ ಹೋಗುತ್ತಿರಲಿಲ್ಲ. ಅಮ್ಮನ ಹಟ ನನಗೆ ಗೊತ್ತು.

ಗೋದಲಿ ಕಟ್ಟುತ್ತಿದ್ದೀರಲ್ಲ, ಅದನ್ನೇ ನೋಡಿ. ಮೂಡಣ ದೇಶದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳ ತಂದರು. ‘ಇದೆಲ್ಲ ಯಾಕೆ, ನಿಮ್ಮ ಮಕ್ಕಳಿಗೇ ಇರಲಿ’ ಎಂದು ಮರಿಯಮ್ಮ ಅಂದ ಹಾಗೆ ಎಲ್ಲೂ ಬರೆದಿಲ್ಲ. ಅಷ್ಟು ದೂರ ಯಾಕೆ ಹೋಗಬೇಕು? ನಿಮ್ಮದು ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಎಂದು ಬರೆದಿದ್ದೀರಿ. ಅದರ ಕಥೆ ಶುರುವಾಗುವುದು 1792ರಲ್ಲಿ, ಟಿಪ್ಪುವಿನ ಸೆರೆ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ನೆಲೆ ಕೊಟ್ಟದ್ದರಿಂದ. ಆ ಚರ್ಚಿನ ಮೊದಲ ಜನ ಕೊಡಗಿಗೆ ಬಂದದ್ದು ಬರಿಗೈಯಲ್ಲಿ. ತೆಗೆದುಕೊಂಡರು, ತಲೆ ಎತ್ತಿಕೊಂಡೇ ಬದುಕಿದರು.

ಕಂಬಳಿ ಕೊಡುವುದನ್ನು ನಿಲ್ಲಿಸಬೇಕಾ ಎಂದು ಕೇಳಿದ್ದೀರಿ. ಬೇಡ. ಡಿಸೆಂಬರಿನ ಚಳಿಗೆ ಲೈನ್ ಮನೆಯ ಶೀಟಿನ ಮಾಡು ಏನೂ ತಡೆಯುವುದಿಲ್ಲ. ಹಾಗೇ ಆ ಮಾಡನ್ನೂ ಒಂದು ಸಲ ನೋಡಿ. ಸೋರುವ ಮನೆ ರಿಪೇರಿ ಮಾಡಿಸುವುದು ಉಡುಗೊರೆಯ ಲೆಕ್ಕಕ್ಕೆ ಬರುವುದಿಲ್ಲ, ಅದು ನೀವು ಮಾಡಲೇಬೇಕಾದ ಕೆಲಸ.

ಆದರೆ ಈ ಕ್ರಿಸ್ಮಸ್‌ಗೆ ನಾನು ಹೇಳುವುದು ಒಂದೇ. 24ರ ಸಂಜೆ, ಪೂಜೆಗೆ ಹೊರಡುವ ಮೊದಲು ಆಕೆಯ ಮನೆಗೆ ಹೋಗಿ. ಬರಿಗೈಯಲ್ಲಿ ಹೋಗಿ. ಕೇಕು ಬೇಡ, ಡಬ್ಬ ಬೇಡ, ಆ ಕಂಬಳಿಯಂತೂ ಬೇಡವೇ ಬೇಡ. ಬಾಗಿಲಲ್ಲಿ ನಿಂತು ಮಾತಾಡಿ ಬರಬೇಡಿ, ಒಳಗೆ ಹೋಗಿ ಕೂತುಕೊಳ್ಳಿ. ‘ಅವತ್ತು ಗೆಣಸು ವಾಪಸ್ ಕಳಿಸಿದ್ದು ನನ್ನ ತಪ್ಪು, ಉಳಿದಿದ್ದರೆ ಬೇಯಿಸಿ ಕೊಡು’ ಅನ್ನಿ. ಗೆಣಸು ಮುಗಿದಿದ್ದರೆ ಕರಿ ಕಾಫಿ ಕೇಳಿ. ಬೆಲ್ಲ ಜಾಸ್ತಿ ಇರುತ್ತದೆ. ಸಕ್ಕರೆ ಕಾಯಿಲೆ ಎಂದು ನೆಪ ಹೇಳದೆ ಕುಡಿಯಿರಿ.

ಮೈದುನ ನಾನೂ ಬರುತ್ತೇನೆ ಅಂದರೆ ಕ್ರಿಸ್ಮಸ್ ನಕ್ಷತ್ರಕ್ಕೆ ಬಲ್ಬ್ ಹಾಕಲು ಏಣಿ ಹತ್ತಿಸಿ. ಫೋನ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ.